ಚವರಿ ಮತ್ತೆ ಬಿಚ್ಚಿತು

ಕೋಥರೂಡ, ಪುಣೆ
ದಸರೆಯ ಮರುದಿನ, ೨೦೦೬

ಪ್ರೀತಿಯ ಅತ್ತೆಯವರಿಗೆ,

ನಿಮ್ಮ ಸೊಸೆ ಸ್ನೇಹಲಳ ಶರಣು. ಬೈಲಹೊಂಗಲದಲ್ಲಿ ರೇಣು, ಅವಳ ಕೂಸು, ನೀವು ಎಲ್ಲರೂ ಆರಾಮ ಇದ್ದೀರೆಂದು ನಂಬಿದ್ದೇನೆ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀವು ನನಗೆಲ್ಲಿ ಮಾತಾಡಲು ಬಿಡುತ್ತೀರಿ? ಪತ್ರಕ್ಕಾದರೆ ನಡುವೆ ಬಾಯಿ ಹಾಕಲು ಬರುವುದಿಲ್ಲ. ಚಷ್ಮಾ ಹಾಕಿಕೊಂಡು ನೀವೇ ಓದಿರಿ, ಮಗಳಿಂದ ಓದಿಸಬೇಡಿ. ಇದರಲ್ಲಿ ನಿಮ್ಮದೊಂದು ಕಳ್ಳತನದ ವಿಷಯವಿದೆ.

ಮೊದಲು ಸುದ್ದಿ ಹೇಳಿಬಿಡುತ್ತೇನೆ, ಹೊಟ್ಟೆಯಲ್ಲಿ ನಿಲ್ಲುತ್ತಿಲ್ಲ. ನಾನು ಗೆದ್ದೆ! ನನ್ನ ಸಮುದ್ರ, ಆ ಮೀನಿನ ಪೆಟ್ಟಿಗೆ, ನಮ್ಮ ಪಡಸಾಲೆಯಲ್ಲೇ ಉಳಿಯಿತು. ನಿಮ್ಮ ತಮ್ಮ ಗೂಳಪ್ಪ ಮಾಮಾ ಖಾಲಿ ಟೆಂಪೋ ತೆಗೆದುಕೊಂಡು ಶಿವಾಜಿನಗರದ ದಾರಿ ಹಿಡಿದರು.

ಆ ಗಾಜಿನ ಪೆಟ್ಟಿಗೆ ಬಂದ ದಿನ ನೆನಪಿದೆಯೇ? "ಲಿಂಗವಂತರ ಮನ್ಯಾಗ ಮೀನೇನವಾ?" ಎಂದು ನೀವು ಬಾಗಿಲಿಗೇ ಅಡ್ಡ ನಿಂತಿರಿ. "ನೋಡಾಕಷ್ಟರೀ ಅತ್ತಿ" ಎಂದು ನಿಮ್ಮ ಕೈ ಹಿಡಿದುಕೊಂಡೆ. ಅಪ್ಪನ ನೌಕರಿ ಕಾರವಾರದ ಬಂದರಿನಲ್ಲಿ. ಅಲೆಯ ಸಪ್ಪಳ ಕೇಳದೆ ನಿದ್ದೆ ಬಾರದವಳನ್ನು ಪುಣೆಗೆ ಸೊಸೆ ಮಾಡಿ ತಂದಿರಿ. ಮುಠಾ ನದಿಯನ್ನು ಎಷ್ಟು ನೋಡಿದರೂ ನನಗೆ ಸಮಾಧಾನವಾಗುತ್ತಿರಲಿಲ್ಲ. ಉಪ್ಪು ನೀರಿನ ಆ ಪೆಟ್ಟಿಗೆ ನನ್ನ ತವರು. ಅದನ್ನು ಯಾರಿಗೂ ಬಾಯಿಬಿಟ್ಟು ಹೇಳಿರಲಿಲ್ಲ, ನಿಮಗೆ ಈಗ ಹೇಳುತ್ತಿದ್ದೇನೆ.

ಅದರಲ್ಲಿ ಮೀನು ಎರಡೇ. ನನ್ನ ಜೀವವೆಲ್ಲ ಕಲ್ಲಿನ ಸಂದಿಯ ಆ ಹುಳುಗಳ ಮೇಲೆ. ಕೊಳವೆಯೊಳಗೆ ಮೈ ಮುಚ್ಚಿಕೊಂಡು ತಲೆಯ ಗರಿಗಳನ್ನಷ್ಟೇ ಹೊರಗೆ ಬಿಚ್ಚಿ, ನೀರಿನಲ್ಲಿ ತೇಲಿ ಬರುವ ಕಣ್ಣಿಗೆ ಕಾಣದ ಆಹಾರ ಹಿಡಿದು ತಿನ್ನುತ್ತವೆ. ನೆರಳು ಬಿದ್ದರೆ ಸರಕ್ಕನೆ ಒಳಗೆ. ಪೆಟ್ಟಿಗೆ ಮಾರಿದ ಅಂಗಡಿಯ ಬಿಂದುಮಾಧವ ಅದಕ್ಕೆ ಏನೋ ಇಂಗ್ಲಿಷ್ ಹೆಸರು ಹೇಳಿದ್ದ. ನೀವು ನೋಡಿದವರೇ "ಅಯ್ಯ, ಸ್ವಾಮಿಗೋಳಿಗೆ ಬೀಸೂ ಚವರಿ ಇದ್ದಂಗ ಅದಾವಲ್ಲ!" ಎಂದಿರಿ. ಅಂದಿನಿಂದ ನಮ್ಮ ಮನೆಯಲ್ಲಿ ಅವುಗಳ ಹೆಸರು ಚವರಿ.

ನಿಮ್ಮ ಜಗಳ ಇದ್ದದ್ದು ಸ್ಕಿಮ್ಮರ್ ಜೊತೆ. ಕೊಳವೆಯಲ್ಲಿ ಗುಳ್ಳೆ ಎಬ್ಬಿಸಿ, ನೀರಿನ ಹೊಲಸನ್ನೆಲ್ಲ ನೊರೆ ಮಾಡಿ ಮೇಲಿನ ಬಟ್ಟಲಿಗೆ ತಳ್ಳುವ ಆ ಯಂತ್ರ ಹಗಲೂ ರಾತ್ರಿ ಗೊರಗೊರ ಎನ್ನುತ್ತಿತ್ತು. "ನಿಮ್ಮ ಮಾವನ ಗೊರಕಿ ಜನ್ಮಾ ಎಲ್ಲಾ ಕೇಳೀನಿ, ಈಗ ಇದರದ್ದೂ ಕೇಳಬೇಕೇನ?" ಎಂದು ಸಿಡುಕಿದಿರಿ. ಒಂದು ಗಳಿಗೆಯೂ ನಿಲ್ಲಿಸಬಾರದು ಎಂದು ಬಿಂದುಮಾಧವ ತಾಕೀತು ಮಾಡಿದ್ದ. ನಾನು ಸ್ವಿಚ್ಚಿನ ಮೇಲೆ "ಮುಟ್ಟಬಾರದು" ಎಂದು ಬರೆದು ಅಂಟಿಸಿದೆ. ಒಂದು ದಿನ ಆಫೀಸಿನಿಂದ ಬೇಗ ಬಂದರೆ ಯಂತ್ರ ನಿಂತಿತ್ತು. "ಕರೆಂಟ್ ಹೋಗಿತ್ತವಾ, ಈಗರ ಬಂತು, ಚಾಲೂ ಮಾಡಾಕ ಹೊಂಟಿದ್ದೆ" ಎಂದಿರಿ. ಲೋಡ್ ಶೆಡ್ಡಿಂಗಿನ ದಿನಗಳು, ನಾನು ನಂಬಿದೆ. ನಿಮ್ಮ ಮುಖ ನೋಡಿದರೆ ಯಾರಾದರೂ ನಂಬಬೇಕು!

ರೇಣುವಿನ ಬಾಣಂತನಕ್ಕೆಂದು ನೀವು ಊರಿಗೆ ಹೋದಿರಿ. ಅದೇ ಸುಮಾರಿಗೆ ಲೋಡ್ ಶೆಡ್ಡಿಂಗೂ ನಿಂತಿತು. ಸ್ಕಿಮ್ಮರ್ ಎಡೆಬಿಡದೆ ಓಡಿತು, ನೀರು ಕನ್ನಡಿಯಂತಾಯಿತು. ನಾನು ಬೀಗಿದೆ. ಆದರೆ ಚವರಿಗಳು ದಿನದಿನಕ್ಕೂ ಬಡವಾದವು. ಒಂದು ಬೆಳಿಗ್ಗೆ ಗರಿಗಳು ಉದುರಿ ಮರಳಿನ ಮೇಲೆ ಬಿದ್ದಿದ್ದವು. ನಾನು ಗಟ್ಟಿಯಾಗಿ ಅತ್ತುಬಿಟ್ಟೆ. ಚಾಕಣದ ಕಾರ್ಖಾನೆಯ ಪಾಳಿಗೆ ಹೊರಟಿದ್ದ ನಿಮ್ಮ ಮಗ ಡಬ್ಬಿ ಹಿಡಿದುಕೊಂಡು "ಸತ್ತ ಹುಳಕ್ಕ ಯಾರರೆ ಅಳ್ತಾರೇನ?" ಎಂದರು. ನನ್ನ ಮೈ ಉರಿಯಿತು.

ವಾಸನೆ ಹಿಡಿದವರಂತೆ ಗೂಳಪ್ಪ ಮಾಮಾ ಬಂದರು. ಪೆಟ್ಟಿಗೆ ಅವರ ಶಿವಾಜಿನಗರದ ಖಾನಾವಳಿಗೆ ಬೇಕಂತೆ! ರೊಟ್ಟಿ ಊಟದವರು ನೋಡಿಕೊಂಡು ಕೂಡಲಿ ಎಂದು. ಕೊಳವೆಯೊಳಗೆ ಹುಳುಗಳು ಇನ್ನೂ ಬದುಕಿವೆ, ಗರಿ ಮತ್ತೆ ಚಿಗುರುತ್ತದೆ ಎಂದು ನಾನು ಹಟ ಹಿಡಿದೆ. "ದಸರಾದೊಳಗ ಚವರಿ ಬಂದ್ರ ಪೆಟಗಿ ನಿಂದು, ಇಲ್ಲಾಂದ್ರ ಮಾಮಾಂದು" ಎಂದರು ನಿಮ್ಮ ಮಗ. ಸಿಟ್ಟಿನ ಭರದಲ್ಲಿ ನಾನೂ "ಆಗಲಿ" ಎಂದುಬಿಟ್ಟೆ. ನೀರು ಬದಲಿಸಿದೆ, ಬಟ್ಟಲು ತಿಕ್ಕಿದೆ, ಸ್ಕಿಮ್ಮರನ್ನು ಇನ್ನಷ್ಟು ಜೋರು ಮಾಡಿದೆ. ಏನೂ ಆಗಲಿಲ್ಲ.

ಗಣಪತಿ ಹಬ್ಬದ ರಜೆಯಲ್ಲಿ ಮಧ್ಯಾಹ್ನ ಮನೆಯಲ್ಲಿದ್ದೆ. ಭಾಂಡೆ ತಿಕ್ಕುವ ಕೃಷ್ಣಾಬಾಯಿ ಬಂದವಳೇ ಆ ಗೊರಗೊರ ಕೇಳಿ ನಕ್ಕಳು. "ಆಜೀ ದುಪಾರೀ ಹೇ ಬಂದ್ ಕರೂನ್ ಝೋಪಾಯಚ್ಯಾ!" ಅಜ್ಜಿ ಮಧ್ಯಾಹ್ನ ಇದನ್ನು ಬಂದ್ ಮಾಡಿಯೇ ಮಲಗುತ್ತಿದ್ದರಂತೆ. ದಿನಾಲೂ! ನಾನು ಬರುವ ಹೊತ್ತಿಗೆ ಮತ್ತೆ ಚಾಲೂ ಮಾಡುತ್ತಿದ್ದಿರಂತೆ. ಅಬ್ಬಬ್ಬಾ ಅತ್ತೆಯವರೇ! ನಿಮ್ಮ ಜೊತೆ ಜಗಳವಾಡಲು ಫೋನಿಗೆ ಕೈ ಹಾಕಿದ್ದೆ ಕೂಡ.

ಹಾಕಿದ ಕೈ ಅಲ್ಲೇ ನಿಂತಿತು. ನೀವಿದ್ದಾಗ ಚವರಿಗಳು ಬಿಚ್ಚಿಕೊಂಡು ಕುಣಿಯುತ್ತಿದ್ದವಲ್ಲ! ಮದುವೆಯಾದ ಹೊಸದರಲ್ಲಿ ನಾನು ಹೋಳಿಗೆಯ ಬೇಳೆ ಬಸಿದು ನೀರನ್ನು ಮೋರಿಗೆ ಸುರಿಯಲು ಹೋದಾಗ ನೀವು ಕೂಗಿದ್ದು ಕಿವಿಯಲ್ಲಿ ಕೇಳಿಸಿತು. "ನೊರಿ ತಗೀಬೇಕವಾ, ಕಟ್ಟು ಚೆಲ್ಲಬಾರದು. ಕಟ್ಟು ಚೆಲ್ಲಿದ್ರ ಸಾರು ಯಾತರಲೇ ಮಾಡ್ತಿ?" ನಾನು ಹಗಲೂ ರಾತ್ರಿ ಕಟ್ಟು ಚೆಲ್ಲುತ್ತ ಕೂತಿದ್ದೆ. ಹೊಲಸಿನ ಜೊತೆಗೆ ಚವರಿಗಳ ಅನ್ನವನ್ನೂ ಯಂತ್ರ ಎಳೆದು ಬಟ್ಟಲಿಗೆ ಹಾಕುತ್ತಿತ್ತು. ನೀವು ನಿದ್ದೆ ಮಾಡುವ ಹೊತ್ತು ಅವುಗಳ ಊಟದ ಹೊತ್ತಾಗಿತ್ತು.

ಎದ್ದು ಸ್ವಿಚ್ಚು ಬಂದ್ ಮಾಡಿದೆ. ಅಂದಿನಿಂದ ಕೃಷ್ಣಾಬಾಯಿ ಮಧ್ಯಾಹ್ನ ಸ್ಕಿಮ್ಮರ್ ನಿಲ್ಲಿಸಿ, ನಾನು ತೆಗೆದಿಟ್ಟ ಪುಡಿ ಆಹಾರ ನೀರಿಗೆ ಬಿಡುತ್ತಾಳೆ. ಗಾಳಿಯ ಪಂಪು ಮಾತ್ರ ಓಡುತ್ತಿರುತ್ತದೆ. ಸಂಜೆ ನಾನು ಬಂದು ಸ್ಕಿಮ್ಮರ್ ಚಾಲೂ ಮಾಡುತ್ತೇನೆ. "ನೀರು ಕೆಡ್ತದ್ರೀ ವೈನಿ" ಎಂದು ಬಿಂದುಮಾಧವ ಬಡಕೊಂಡ. ಕೆಡಲಿಲ್ಲ. ಕೆಲವು ವಾರ ಕಳೆದ ಮೇಲೆ ಒಂದು ಕೊಳವೆಯ ಬಾಯಲ್ಲಿ ಎಳೆಯ ಗರಿಯೊಂದು ಇಣುಕಿತು. ಮನೆಯವರಿಗೆ ಹೇಳಿದೆನೇ? ಇಲ್ಲ! ನಿಮ್ಮ ಹಳೆಯ ಇಳಕಲ್ ಸೀರೆ ಪೆಟ್ಟಿಗೆಗೆ ಇಳಿಬಿಟ್ಟು ಸುಮ್ಮನಾದೆ.

ನಿನ್ನೆ ಗೂಳಪ್ಪ ಮಾಮಾ ಟೆಂಪೋ ಸಮೇತ ಬಂದರು. ಕೈಗೆ ಬನ್ನಿ ಕೊಟ್ಟು "ಬಂಗಾರ ತಗೊಂಡು ಬಂಗಾರದಂಗ ಇರೋಣು. ಪೆಟಗಿ ಎತ್ತಸಲೇನು?" ಎಂದರು. ನಾನು ಠೀವಿಯಿಂದ ಸೀರೆ ಸರಿಸಿದೆ. ಮಾಮಾ ಬಗ್ಗಿದರು, ಅವರ ಹೊಟ್ಟೆಯ ನೆರಳು ಬಿತ್ತು, ಚವರಿಗಳೆಲ್ಲ ಸರಕ್ಕನೆ ಒಳಗೆ! "ಕೊಳವಿ ಅಷ್ಟ ಅದಾವಲ್ಲವಾ" ಎಂದು ಅವರು ಟೆಂಪೋದವನನ್ನು ಕೂಗಲು ಬಾಯಿ ತೆರೆದರು. "ಹಬ್ಬದ ದಿನಾ ಬಾಯಿ ಸಿಹಿ ಮಾಡದ ಹೋಗೂದೇನ್ರೀ ಮಾಮಾ, ಕುಂಡ್ರಿ" ಎಂದು ದೂರ ಕೂರಿಸಿ, ತುಪ್ಪ ಸುರಿದು ಹೋಳಿಗೆ ಬಡಿಸಿದೆ.

ಮೊದಲ ಹೋಳಿಗೆ ಮುಗಿಯುವಷ್ಟರಲ್ಲಿ ಒಂದು ಬಿಚ್ಚಿತು. ಆಮೇಲೆ ಅದರ ಪಕ್ಕದ್ದು. ಆಮೇಲೆ ಎಲ್ಲವೂ! ಎಳೆಯ ಗರಿ, ಹಳೆಯದರ ಅರ್ಧವೂ ಇಲ್ಲ, ಆದರೂ ಏನು ಗತ್ತು! ಮಾಮಾನ ಕೈಯ ತುತ್ತು ಕೈಯಲ್ಲೇ ಉಳಿಯಿತು. ನಿಮ್ಮ ಮಗ ಬಹಳ ಹೊತ್ತು ನೋಡಿದರು. ಕೊನೆಗೆ "ಮಾಮಾ, ಟೆಂಪೋ ಹೊಳ್ಳಿ ಕಳಸ್ರಿ. ಇದು ಆಕೀ ಸಮುದ್ರ" ಎಂದರು. ಅತ್ತೆಯವರೇ, ನಾನು ಅಡುಗೆಮನೆಗೆ ಹೋಗಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಕ್ಕೆ, ಅತ್ತೆ, ಎರಡೂ ಮಾಡಿದೆ.

ಬಾಣಂತನ ಮುಗಿಸಿ ಬೇಗ ಬನ್ನಿ. ನಿಮ್ಮ ಹಾಸಿಗೆ ಬಿಸಿಲಿಗೆ ಹಾಕಿ ತೆಗೆದಿದ್ದೇನೆ. ಕೃಷ್ಣಾಬಾಯಿ ಎಷ್ಟಾದರೂ ಬದಲಿ ಕೆಲಸದವಳು, ಚವರಿಗಳಿಗೆ ನಿಮ್ಮ ನಿದ್ದೆಯೇ ಬೇಕು. "ಮುಟ್ಟಬಾರದು" ಎಂಬ ಚೀಟಿ ಕಿತ್ತು ಬೇರೆಯದು ಅಂಟಿಸಿದ್ದೇನೆ: "ರುದ್ರವ್ವನವರ ಹೊರತು ಯಾರೂ ಮುಟ್ಟಬಾರದು."

ಕೂಸಿಗೆ ನನ್ನ ಮುತ್ತು. ಕೆಳಗೆ ಬಗ್ಗಿ ಪಾದ ಮುಟ್ಟಿದ್ದೇನೆಂದು ತಿಳಿದು, ತಲೆಯ ಮೇಲೆ ಕೈ ಇಟ್ಟು ಹರಸಿರಿ. ಇನ್ನು ಈ ಮನೆಯಲ್ಲಿ ನಿಮಗೆ ಕರೆಂಟ್ ಹೋಗಿತ್ತೆಂಬ ನೆಪವೇ ಬೇಕಿಲ್ಲ.

ನಿಮ್ಮ ಕಳ್ಳತನದಿಂದ ಗೆದ್ದ ಸೊಸೆ,
ಸ್ನೇಹಲ್