ಗೋಡೆ ಪಕ್ಕವೋ, ಕಿಟಕಿ ಪಕ್ಕವೋ

ಜೂನ್ ೧೨, ಗುರುವಾರ. ಡರ್ಬನ್.

ಇವತ್ತು ತರಬೇತಿಯಲ್ಲಿ ಅತ್ತುಬಿಟ್ಟೆ. ಹನ್ನೊಂದು ವರ್ಷದಿಂದ ಕಲಿಸುತ್ತಿದ್ದೇನೆ, ಎಂದೂ ಹೀಗಾಗಿರಲಿಲ್ಲ.

ನಮ್ಮ ಆಶ್ರಯ ಕೇಂದ್ರಕ್ಕೆ ಹೊಸದಾಗಿ ಸೇರಿದವರಿಗೆ, ಮನೆಯಿಲ್ಲದೆ ಬಾಗಿಲಿಗೆ ಬಂದವರನ್ನು ಹೇಗೆ ಮಾತಾಡಿಸಬೇಕೆಂಬ ಪಾಠ. ಬಂದವಳ ಪಾತ್ರ ನನ್ನದು. ನೊಕ್ವಾಝಿ ಫಾರಂ ಹಿಡಿದು ಎದುರು ಕೂತಳು.

"ಎಷ್ಟು ದಿನದಿಂದ ಬೀದೀಲಿದ್ದೀರಿ?"

"ಏಳು ತಿಂಗಳು" ಎಂದೆ. ಕಣ್ಣು ತುಂಬಿತು.

"ಅಬ್ಬಾ, ಏನ್ ಆಕ್ಟಿಂಗ್ ಮಾಡ್ತೀರಮ್ಮಾ!" ಎಂದು ನಕ್ಕಳು.

"ಆಕ್ಟಿಂಗ್ ಅಲ್ಲ ಕಣೇ, ಮಗಳೇ."

ಇಷ್ಟು ವರ್ಷ ಮುಚ್ಚಿಟ್ಟದ್ದನ್ನು ಹೇಳಿಬಿಟ್ಟೆ. ಇಪ್ಪತ್ತಾರು ವರ್ಷದ ಹಿಂದೆ ಕಂಬಳಿ ಹೊದ್ದು ಇದೇ ಬಾಗಿಲಿಗೆ ಬಂದವಳು ನಾನು. ಆಗ ಇಲ್ಲಿ ಬಂದವರನ್ನು ನೋಡಿಕೊಳ್ಳುತ್ತಿದ್ದವರು ಮಾಜೋಲಾ ಅಮ್ಮ; ಕುಲದ ಹೆಸರಿಂದಲೇ ಎಲ್ಲರೂ ಕರೆಯುತ್ತಿದ್ದರು. ತಲೆಗೆ ಹಸಿರು ವಸ್ತ್ರ, ಮೈಯೆಲ್ಲ ಸೀಮೆಎಣ್ಣೆ ಸ್ಟೌವಿನ ವಾಸನೆ. ಫಾರಂ ಬದಿಗೆ ಸರಿಸಿ ಒಂದೇ ಮಾತು ಕೇಳಿದರು: "ಗೋಡೆ ಪಕ್ಕ ಮಲಗ್ತೀಯೋ, ಕಿಟಕಿ ಪಕ್ಕವೋ?"

ಏಳು ತಿಂಗಳಲ್ಲಿ, ನಿನಗೇನು ಬೇಕೆಂದು ಯಾರೂ ಕೇಳಿರಲಿಲ್ಲ. ಗೋಡೆಯನ್ನೊಮ್ಮೆ, ಕಿಟಕಿಯನ್ನೊಮ್ಮೆ ನೋಡಿದೆ. "ಅವಸರ ಇಲ್ಲ ಕಣೇ, ಯೋಚ್ನೆ ಮಾಡು" ಎಂದು ಜೋಳದ ಗಂಜಿ ಕಲಕುತ್ತಾ ಕಾದರು. ಎಷ್ಟು ಹೊತ್ತು ಕಾದರು!

ನನಗೆ ಇಲ್ಲೇ ಕೆಲಸ ಸಿಕ್ಕಾಗ ಓಡೋಡಿ ಸುದ್ದಿ ಹೇಳಲು ಹೋದೆ. ಅವರ ಮನೆ ಮುಂದೆ ಆಗಲೇ ಅವರ ಸಾವಿಗೆ ಬಂದ ಜನ ಸೇರಿದ್ದರು.

ತರಗತಿಯಲ್ಲಿ ಇಷ್ಟನ್ನೂ ಹೇಳಿ ಮುಗಿಸಿದೆ. ನೊಕ್ವಾಝಿ ಪೆನ್ನು ಕೆಳಗಿಟ್ಟು, "ಅವರ ಸ್ವಂತ ಹೆಸರೇನಮ್ಮಾ?" ಎಂದಳು.

"ಥೆಂಜಿವೆ."

ಬದುಕಿದ್ದಾಗ ಹೆಸರು ಹಿಡಿದು ಕರೆದವಳಲ್ಲ ನಾನು. ಈಗ ಹಾಸಿಗೆಯ ಮೇಲೆ ಒಬ್ಬಳೇ ಕೂತು ಕರೆಯುತ್ತಿದ್ದೇನೆ. ಥೆಂಜಿವೆ ಅಮ್ಮಾ, ನನಗೆ ಕೆಲಸ ಸಿಕ್ಕಿತು ಎಂದು ಹೇಳೋಣವೆಂದರೆ, ಕಣ್ಣು ನಿದ್ದೆಗೆ ಎಳೆಯುತ್ತಿದೆ…