ಭಾನುವಾರದ ಊಟದ ನಗು

ಸ್ಟುಟ್‌ಗಾರ್ಟ್, ಜುಲೈ ೨೦೧೫

ಪ್ರೀತಿಯ ಅಪ್ಪ,

ನಮ್ಮ ಗ್ರೀಸಿನಲ್ಲಿ ಬ್ಯಾಂಕುಗಳು ಮುಚ್ಚಿರುವುದನ್ನು ಇಲ್ಲಿ ದಿನವೂ ಟಿವಿಯಲ್ಲಿ ತೋರಿಸುತ್ತಾರೆ. ದುಡ್ಡಿಗಾಗಿ ಬಿಸಿಲಿನಲ್ಲಿ ನಿಂತ ಸಾಲಿನಲ್ಲಿ ನಿನ್ನ ವಯಸ್ಸಿನವರೇ ಹೆಚ್ಚು.

ಭಾನುವಾರ ಊಟಕ್ಕೆ ಕೂತಾಗ ಅದನ್ನು ನೋಡಿ ನನ್ನ ಮಾವ, "ದುಡಿಯೋದು ಜರ್ಮನ್ನರು, ತಿಂದು ಮಲಗೋದು ಗ್ರೀಕರು. ಅವರಿಗೂ ನಮ್ಮದೇ ಯೂರೋ ಬೇರೆ ಕೇಡು!" ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ, ಅಪ್ಪ. ನಕ್ಕು ಅವರ ತಟ್ಟೆಗೆ ಇನ್ನೊಂದು ತುಂಡು ಮಾಂಸ ಬಡಿಸಿದೆ.

ನಿನ್ನ ಮೊಮ್ಮಗಳು ಕ್ಲಿಯೋ ಮಾತ್ರ ನಗಲಿಲ್ಲ. ಆಮೇಲೆ ನಾನು ಪಾತ್ರೆ ತೊಳೆಯುವಾಗ ಬಂದು, "ಅಮ್ಮಾ, ವೊಲೋಸ್ ಊರಿನ ತಾತ ಸೋಮಾರೀನಾ?" ಎಂದು ಕೇಳಿದಳು.

"ಇಲ್ಲ ಪುಟ್ಟಿ, ಯಾರಂದಿದ್ದು?"

"ಮತ್ತೆ ನೀನ್ಯಾಕೆ ನಕ್ಕೆ?"

ನಾನು ನಲ್ಲಿಯನ್ನು ಇನ್ನಷ್ಟು ಜೋರಾಗಿ ತಿರುಗಿಸಿದೆ.

ಮುಂದಿನ ವಾರ ಅವಳನ್ನು ಕರೆದುಕೊಂಡು ಬರುತ್ತಿದ್ದೇನೆ. ಬೆಳಗಿನ ಜಾವ ನೀನು ಬೇಕರಿಯ ಒಲೆ ಹೊತ್ತಿಸಲು ಹೊರಡುವಾಗ ಅವಳನ್ನೂ ಎಬ್ಬಿಸು. ನಿದ್ದೆಗಣ್ಣಿನಲ್ಲಿ ಅತ್ತರೂ ಬಿಡಬೇಡ. ನೀನು ಹಿಟ್ಟು ನಾದುವುದನ್ನು, ಬಿಸಿ ರೊಟ್ಟಿ ಹೊರಗೆಳೆಯುವುದನ್ನು ಅವಳು ಕಣ್ಣಾರೆ ನೋಡಲಿ. ಇಷ್ಟನ್ನು ನಾನು ಬಾಯಿಬಿಟ್ಟು ಹೇಳಬೇಕಿತ್ತು, ಅದೂ ಆ ಮೇಜಿನ ಮುಂದೆಯೇ.

ನಿನಗೆ ಬೇಡವೆನಿಸದಿದ್ದರೆ ನನ್ನನ್ನೂ ಎಬ್ಬಿಸು.

ನಿನ್ನ ಮಗಳು,
ಎವಾಂಥಿಯಾ