ಕಿರುಬೆರಳಿನ ತೂತು

ಮಾರ್ಚ್ ೧೪, ಭಾನುವಾರ

ಪ್ರೀತಿಯ ತಂಗೀ,

ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯದೆ ಕೂತ ಈ ಸೋಮಾರಿ ಅಕ್ಕನನ್ನು ಎಷ್ಟು ಬೇಕಾದರೂ ಬೈದುಕೋ. ಭಾವನ ಮಂಡಿನೋವು ಬಿಟ್ಟರೆ ನಾವಿಬ್ಬರೂ ಚೆನ್ನಾಗಿದ್ದೇವೆ. ನಿನ್ನ ಪ್ರತಿ ಕಾಗದದ ಕೊನೆಗೂ ‘ಕ್ಷಮಿಸು ಅಕ್ಕಾ’ ಎಂದಿರುತ್ತದೆ. ಅಷ್ಟು ಓದಿ ಮಡಚಿಡುತ್ತೇನೆ.

ಮತ್ತೆ ಬೇಗಲ್ ಮಾಡಲು ಹಿಡಿದಿದ್ದೇನೆ. ನಿನ್ನ ಮನೆ ಹಿಂದಿನ ಕೊಳದಿಂದ ನನ್ನ ಮಗಳು ಗುಬ್ಬಿಯನ್ನು ಎತ್ತಿದ ದಿನ ಅದನ್ನು ಬೇಯಿಸುವ ಪಾತ್ರೆಯನ್ನು ಅಟ್ಟಕ್ಕೆ ಹಾಕಿದವಳು, ಮೂರು ವರ್ಷದ ಮೇಲೆ ಇಳಿಸಿದೆ. ಭಾವ ನಗುತ್ತಾರೆ: “ಬನ್ನಿಗೊಂದು ತೂತು ಕೊರೆದು, ನೀರಲ್ಲಿ ಬೇಯ್ಸಿ, ಆಮೇಲೆ ಓವನ್‌ನಲ್ಲಿ ಸುಡ್ತೀಯಲ್ಲ, ಅದೇನು ತಪ್ಪು ಮಾಡಿತ್ತು ಪಾಪ?”

ಆಗೆಲ್ಲ ಒಂದು ಸಲಕ್ಕೆ ಎಂಟು ಮಾಡಿದರೆ ಏಳಕ್ಕೆ ನಾನು ಹೆಬ್ಬೆರಳು ತೂರಿಸಿ ತೂತು ಅಗಲ ಮಾಡುತ್ತಿದ್ದೆ, ಎಂಟನೆಯದಕ್ಕೆ ಗುಬ್ಬಿ ಕಿರುಬೆರಳು ಚುಚ್ಚುತ್ತಿದ್ದಳು.

“ದೊಡ್ಡದು ಮಾಡೇ, ಬೆಂದಾಗ ಮುಚ್ಚಿಹೋಗುತ್ತೆ.”

“ಮುಚ್ಚಿಹೋದ್ರೆ ತಾನೇ ಅಮ್ಮಾ, ಅದು ನಂದು ಅಂತ ಗೊತ್ತಾಗೋದು!”

ಈಗ ಪಾತ್ರೆ ಇಳಿಸಿದ ಮೇಲೆ ಮೊದಲ ಸಲ ಎಂಟೂ ನಾನೇ ಮಾಡಿ, ಒದ್ದೆ ಬಟ್ಟೆ ಹೊದಿಸಿ, ಒಗೆದ ಬಟ್ಟೆ ಒಣಹಾಕಿ ಬಂದೆ. ನೋಡಿದರೆ ಕೊನೆಯದರ ತೂತು ಕಿರಿದಾಗಿತ್ತು. ಹಿಟ್ಟು ಉಬ್ಬಿರಬೇಕು ಎಂದುಕೊಂಡೆ. ಎರಡನೆಯ ಸಲವೂ ಹಾಗೇ ಆಯಿತು, ಅಂಚಿನಲ್ಲೊಂದು ಉಗುರಿನ ಗುರುತು ಬೇರೆ, ಅಕ್ಕಿಕಾಳಿನಷ್ಟು.

ಇವತ್ತು ಮೂರನೆಯ ಸಲ. ಅಡುಗೆಮನೆಯಲ್ಲೇ ಕುರ್ಚಿ ಹಾಕಿಕೊಂಡು ಕೂತೆ, ಕದಲಲಿಲ್ಲ. ಹಾಡುಹಗಲು, ಕಿಟಕಿ ಬಾಗಿಲೆಲ್ಲ ಮುಚ್ಚಿದ್ದವು. ಬಟ್ಟೆ ತೆಗೆದಾಗ ಅದೇ ತೂತು. ಕುದಿಯುವ ನೀರಿಗೆ ಬಿಟ್ಟರೆ ಏಳು ತೇಲಿದವು, ಅದೊಂದು ಮುಳುಗಿತು. ಎತ್ತೋಣವೆಂದರೆ ಸೌಟು ಹಿಡಿದ ಕೈ ಮುಂದೆ ಹೋಗಲಿಲ್ಲ. ಬಹಳ ಹೊತ್ತಿನ ಮೇಲೆ ತಾನಾಗಿಯೇ ಮೇಲೆ ಬಂತು. ತೂತು ಪೂರ್ತಿ ಮುಚ್ಚಿಹೋಗಿತ್ತು.

ಸುಟ್ಟು ತಟ್ಟೆಗೆ ಹಾಕಿದಾಗ ಭಾವ ಬಂದು ಕೂತರು. “ಗುಬ್ಬೀದು ಯಾಕೆ ಮಾಡ್ದೆ?” ಎಂದರು. ಅವರು ಯಾವುದನ್ನೂ ಮುಟ್ಟದೆ ಎದ್ದುಹೋದರು.

ಹೆದರಿಕೆಯೇ ಎಂದು ಕೇಳುತ್ತೀಯ. ಹೌದು. ಅವಳು ಬಂದಳಲ್ಲ ಎಂದು ಹೆದರಿಕೆಯಿಲ್ಲ, ಅವಳು ನನ್ನ ಹೊಟ್ಟೆಯ ಕೂಸು. ಅವಳು ಏನು ಕೇಳಲು ಬರುತ್ತಿದ್ದಾಳೆ ಎಂಬುದು ನನಗೆ ಗೊತ್ತು, ಅದಕ್ಕೆ ಹೆದರಿಕೆ.

ಹೊತ್ತಿಗೆ ಸರಿಯಾಗಿ ಉಣ್ಣು, ರಾತ್ರಿ ನಿದ್ದೆಗೆಡಬೇಡ. ನಿನ್ನ ಹೊಟ್ಟೆ ತಣ್ಣಗಿರಲಿ.

ನಿನ್ನ,
ಅಕ್ಕ

ಮರೆತ ಮಾತು: ಮರೆತದ್ದೇನಲ್ಲ. ‘ಗುಬ್ಬಿಯನ್ನು ಮೂರು ಗಂಟೆಗೆ ಕಳಿಸ್ತೀನಿ, ಗೇಟಿನ ಹತ್ತಿರ ನಿಂತಿರು ಅಂತ ಬೆಳಗ್ಗೆಯೇ ಇವಳಿಗೆ ಫೋನಿನಲ್ಲಿ ಹೇಳಿದ್ದೆ’ ಎಂದು ಆವತ್ತು ಎಲ್ಲರ ಮುಂದೆ ಅಂದೆನಲ್ಲ, ಅದು ಸುಳ್ಳು ಕಣೇ. ನೀನು ಮರೆತೆ ಎಂದು ಎಲ್ಲರೂ ನಂಬಿದರು, ಕೊನೆಗೆ ನೀನೂ ನಂಬಿದೆ. ನಾನು ಹೇಳಿರಲೇ ಇಲ್ಲ. ಅವಳು ಹೊರಟಾಗಲಾದರೂ ಫೋನ್ ಮಾಡಬೇಕಿತ್ತು. ಕೈಯೆಲ್ಲ ಹಿಟ್ಟಾಗಿತ್ತು, ತೊಳೆದುಕೊಂಡು ಮಾಡೋಣ ಎಂದುಕೊಂಡೆ. ಚಪ್ಪಲಿ ಮೆಟ್ಟುತ್ತಾ ಅವಳು ಕೇಳಿದಳು, “ಚಿಕ್ಕಮ್ಮಂಗೆ ಹೇಳಿದ್ಯಾ ಅಮ್ಮಾ?” ಹೂಂ ಎಂದೆ.